ಕನ್ನಡಿ ಮೇಸ್ತ್ರಿಯ ಮೀನಿನ ಮೆಟ್ಟಿಲು

ಬೆಳಿಗ್ಗೆ ಕಾಲುವೆಯ ಜಾಲರಿಗೆ ಸಿಕ್ಕಿಕೊಂಡ ಎಲೆ ತೆಗೆಯುವುದು ಅತ್ತೆಯ ಮತ್ತು ನನ್ನ ಕೆಲಸ. ತುದಿಗೆ ಕಬ್ಬಿಣದ ಹಲ್ಲುಗಳಿರುವ ಉದ್ದ ಕೋಲನ್ನು ಅತ್ತೆ ಕಂಬಿಗಳ ನಡುವೆ ಇಳಿಸಿ ಎಲೆ, ಕಡ್ಡಿ, ಒಮ್ಮೊಮ್ಮೆ ಯಾರದೋ ಒಂಟಿ ಚಪ್ಪಲಿ, ಎಲ್ಲವನ್ನೂ ಮೇಲಕ್ಕೆ ಎಳೆಯುತ್ತಾಳೆ. ನಾನು ಬಾಚಿ ಬುಟ್ಟಿಗೆ ತುಂಬುತ್ತೇನೆ. ಇಬ್ಬರೂ ಮಾತಾಡುವುದಿಲ್ಲ. ಗಿರಣಿಯ ಚಕ್ರ ಒಂದು ಸುತ್ತು ತಿರುಗುವವರೆಗೆ ಅತ್ತೆಗೆ ಮಾತು ಹುಟ್ಟುವುದಿಲ್ಲ. ನನಗೆ ದಿನವಿಡೀ ಹುಟ್ಟದಿದ್ದರೂ ನಡೆಯುತ್ತದೆ.

ಆ ದಿನ ಬುಟ್ಟಿ ತುಂಬಿದ ಮೇಲೂ ಅತ್ತೆ ಕೋಲು ಕೆಳಗಿಡಲಿಲ್ಲ. ಒಡ್ಡಿನ ಪಕ್ಕದಲ್ಲಿ ಅಪ್ಪ ಹೊಸದಾಗಿ ಕಟ್ಟಿದ ಸಿಮೆಂಟಿನ ಮೆಟ್ಟಿಲುಗಳನ್ನೇ ನೋಡುತ್ತ ನಿಂತಳು. ನೀರು ಬೆಳ್ಳಗೆ ನೊರೆಯಾಗಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು. ಕೆಳಗಿನ ಮಡುವಿನಲ್ಲಿ ಮೀನುಗಳು ಗುಂಪುಗೂಡಿ, ಮೂತಿ ಮೇಲ್ಗಡೆಗೆ ಮಾಡಿಕೊಂಡು ನಿಂತಿದ್ದವು. ಮೇಲೆ ಒಂದೂ ಇರಲಿಲ್ಲ. ಅತ್ತೆ ನಿಟ್ಟುಸಿರು ಬಿಟ್ಟು ಕಾಲುವೆಯ ತೂಬಿನ ಹಲಗೆ ಎತ್ತಿದಳು. ಚಕ್ರ ನರಳಿ ತಿರುಗಿತು. ಆಗ ಬಾಯಿ ಬಂತು.

“ಬಂದ ನೆಂಟರು ಹೊಸ್ತಿಲಲ್ಲೇ ನಿಂತುಬಿಟ್ಟರೆ ಮನೆಯವರು ಏನು ಮಾಡಬೇಕು ಹೇಳು.”

ನಾನು ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.

ನಮ್ಮ ಹಳ್ಳ ದೊಡ್ಡದೇನಲ್ಲ. ಬೇಸಿಗೆಯಲ್ಲಿ ದಾಟಿದರೆ ಮಂಡಿ ನೆನೆಯುವುದಿಲ್ಲ. ಅದಕ್ಕೆ ಅಡ್ಡವಾಗಿ ಅಪ್ಪನ ತಾತ ಕಲ್ಲಿನ ಅಣೆಕಟ್ಟು ಕಟ್ಟಿದ. ನಾವು ಅದನ್ನು ಒಡ್ಡು ಎನ್ನುತ್ತೇವೆ. ಒಡ್ಡಿನ ಹಿಂದೆ ನಿಂತ ನೀರು ಕಾಲುವೆಗೆ ತಿರುಗಿ ಗಿರಣಿಯ ಚಕ್ರದ ಮೇಲೆ ಬೀಳುತ್ತದೆ. ಚಕ್ರ ತಿರುಗಿದರೆ ಕಲ್ಲು ತಿರುಗುತ್ತದೆ, ಕಲ್ಲು ತಿರುಗಿದರೆ ಸುತ್ತಲಿನವರ ಗೋಧಿ, ಜೋಳ ಹಿಟ್ಟಾಗುತ್ತದೆ. ಕರೆಂಟಿನ ಗಿರಣಿಗಳು ಬಂದು ಎಷ್ಟೋ ಕಾಲವಾಯಿತು. ನಮ್ಮ ಹಿಟ್ಟು ಬಿಸಿಯಾಗುವುದಿಲ್ಲ ಎಂದು ಜನ ಈಗಲೂ ಇಲ್ಲಿಗೇ ಬರುತ್ತಾರೆ.

ಗಿರಣಿ ಅತ್ತೆಯದು. ಅವಳು ಅಪ್ಪನ ಅಕ್ಕ. ಮದುವೆಯಾಗಿ ಹೋದವಳು ಒಂದು ಸುಗ್ಗಿ ಕಳೆಯುವುದರೊಳಗೆ ತಿರುಗಿ ಬಂದಳಂತೆ. ಗಿರಣಿಯ ಸದ್ದಿಲ್ಲದೆ ಅವಳಿಗೆ ಅಲ್ಲಿ ನಿದ್ದೆ ಬರಲಿಲ್ಲ ಎನ್ನುವುದು ಅಪ್ಪ ಹೇಳುವ ಮಾತು. ಗಂಡನ ಗೊರಕೆಯ ಸದ್ದಿಗೆ ಬರಲಿಲ್ಲ ಎನ್ನುವುದು ಅತ್ತೆಯ ಮಾತು. ಅಂತೂ ಬಂದವಳು ಗಿರಣಿಯ ಬಾಗಿಲು ತೆರೆದಳು, ಮತ್ತೆ ಮುಚ್ಚಲಿಲ್ಲ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಹೋದದ್ದರಿಂದ ನಾನು ಬೆಳೆದದ್ದು ಹಿಟ್ಟಿನ ಮೂಟೆಗಳ ನಡುವೆಯೇ. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳು ಎಂದರೆ ನನ್ನ ನಾಲಿಗೆ ಮೇಲಂಗುಳಿಗೆ ಅಂಟಿಕೊಳ್ಳುತ್ತಿತ್ತು. ಬೇಗನೆ ಬಿಟ್ಟೆ. ಗಿರಣಿಯಲ್ಲಿ ಯಾರೂ ಎದ್ದು ನಿಲ್ಲು ಎನ್ನುವುದಿಲ್ಲ. ಕಿಟಕಿಯ ಪಕ್ಕ ಕುಳಿತು ಚೀಲದ ಬಾಯಿ ಹೊಲಿಯುತ್ತೇನೆ. ಆ ಕಿಟಕಿಯಿಂದ ಒಡ್ಡು ಪೂರ್ತಿ ಕಾಣುತ್ತದೆ.

ಒಡ್ಡು ಯಾರಿಗೂ ಕೇಡು ಮಾಡಿರಲಿಲ್ಲ, ಮೀನುಗಳಿಗೆ ಬಿಟ್ಟು. ಮಳೆಗಾಲದ ಹೊಸ ನೀರು ಬಂದಾಗ ಮೊಟ್ಟೆಯಿಡಲು ಅವು ಹಳ್ಳದ ಮೇಲ್ಗಡೆಗೆ ಹೋಗಬೇಕು. ನಮ್ಮ ಒಡ್ಡಿನವರೆಗೆ ಬಂದು, ಗೋಡೆಗೆ ತಲೆ ಚಚ್ಚಿಕೊಂಡು ತಿರುಗಿ ಹೋಗುತ್ತಿದ್ದವು. ಇದನ್ನು ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಯೋಚಿಸಿದವನು ಗಾಳದ ಮಾವ. ಅವನು ನಮಗೆ ಸಂಬಂಧದಲ್ಲಿ ಮಾವನೇನೂ ಅಲ್ಲ. ಒಡ್ಡಿನ ಮೇಲ್ಗಡೆ ಮನೆ ಮಾಡಿಕೊಂಡು, ಇಲ್ಲದ ಮೀನಿಗೆ ಗಾಳ ಹಾಕುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಅವನ ಅಜ್ಜ ಹಿಡಿದ ಮೀನಿನ ಉದ್ದವನ್ನು ಅವನು ತೋರಿಸುವಾಗ ಪಕ್ಕದಲ್ಲಿ ನಿಂತವರು ಸರಿದುಕೊಳ್ಳಬೇಕು. ಅವನು ಮೀನುಗಾರಿಕೆಯ ಕಚೇರಿಗೆ ಹೋಗಿ ಹೋಗಿ, ಕೊನೆಗೆ ಅಲ್ಲಿಂದ ಒಬ್ಬರು ಮೇಡಂ ಬಂದರು. ಒಡ್ಡನ್ನು ಒಡೆಯುವುದೇ ಕಚೇರಿಯ ಮೊದಲ ವಿಚಾರವಾಗಿತ್ತಂತೆ. ಅತ್ತೆ ಮೇಡಂ ಅವರನ್ನು ಗಿರಣಿಯೊಳಗೆ ಕರೆದು ಕಲ್ಲಿನ ಪಕ್ಕ ಕೂರಿಸಿ, ಬಿಸಿಯಾಗದ ಹಿಟ್ಟನ್ನು ಅವರ ಅಂಗೈಗೆ ಸುರಿದು, ಚೀಲ ಹಿಡಿದು ನಿಂತಳು. ಮೇಡಂ ಹಿಟ್ಟನ್ನು ಮೂಸಿ ನೋಡಿ, ಬೇರೆ ದಾರಿ ಹುಡುಕೋಣ ಎಂದರು.

ಹುಡುಕಿದ ದಾರಿಯೇ ಮೀನಿನ ಮೆಟ್ಟಿಲು. ಒಡ್ಡಿನ ಒಂದು ಬದಿಯಲ್ಲಿ ಇಳಿಜಾರಾಗಿ ಸಾಲು ತೊಟ್ಟಿಗಳು, ಒಂದರಿಂದ ಒಂದಕ್ಕೆ ನೀರು ಇಳಿಯುವಂತೆ. ಮೀನು ಕೆಳಗಿನ ತೊಟ್ಟಿಯಿಂದ ಮೇಲಿನದಕ್ಕೆ ಏರಿ, ಅಲ್ಲಿ ಉಸಿರು ತೆಗೆದುಕೊಂಡು, ಮತ್ತೆ ಮೇಲಿನದಕ್ಕೆ ಏರುತ್ತ ಒಡ್ಡು ದಾಟಬೇಕು. ಕಚೇರಿಯ ಕರಾರು ಸ್ಪಷ್ಟವಾಗಿತ್ತು. ಈ ಸಲದ ಹೊಸ ನೀರು ಇಳಿಯುವುದರೊಳಗೆ ಮೀನು ದಾಟಿದರೆ ಒಡ್ಡು ಉಳಿಯುತ್ತದೆ. ದಾಟದಿದ್ದರೆ ಬೇಸಿಗೆಗೆ ಒಡ್ಡು ಒಡೆಯುತ್ತಾರೆ. ಒಡ್ಡು ಹೋದರೆ ಕಾಲುವೆ ಒಣಗುತ್ತದೆ, ಕಾಲುವೆ ಒಣಗಿದರೆ ಅತ್ತೆಯ ಗಿರಣಿ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಒಂದು ಮೀನಿನ ಮುಖವನ್ನೂ ಸರಿಯಾಗಿ ನೋಡದ ಅತ್ತೆ ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೀನು ಕಾಯತೊಡಗಿದಳು.

ಮೆಟ್ಟಿಲು ಕಟ್ಟುವ ಕೆಲಸ ಅಪ್ಪನಿಗೆ ಬಂತು. ಅಪ್ಪ ಗಾರೆ ಕೆಲಸದವನು. ಅವನನ್ನು ಎಲ್ಲರೂ ಕರೆಯುವುದು ಕನ್ನಡಿ ಮೇಸ್ತ್ರಿ ಎಂದು. ಅವನು ಮುಗಿಸಿದ ನೆಲದಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು. ಮೇಡಂ ಅವನಿಗೆ ಬಿಡಿಸಿ ಬಿಡಿಸಿ ಹೇಳಿದ್ದರು. ತೊಟ್ಟಿಯ ತಳದಲ್ಲಿ ಒರಟು ಕಲ್ಲುಗಳನ್ನು ನೆಡಬೇಕು, ಕಲ್ಲುಗಳ ನಡುವೆ ಸಂದು ಬಿಡಬೇಕು, ಮೇಲೆ ನಯ ಮಾಡುವುದು ಬೇಡ. ಅಪ್ಪ ಹೂಂ ಹೂಂ ಎಂದ. ಹೇಳಿದಂತೆಯೇ ಕಟ್ಟಿದ. ಮೇಡಂ ಬಂದು ನೋಡಿ, ತೊಟ್ಟಿಯೊಳಗೆ ಇಳಿದು ಓಡಾಡಿ, ಸಂತೋಷಪಟ್ಟು ಹೋದರು. ನೀರು ಬಿಡುವ ಮೊದಲು ಸಿಮೆಂಟು ಗಟ್ಟಿಯಾಗಲು ಕೆಲವು ದಿನ ಬಿಡುವಿತ್ತು. ಅಪ್ಪನಿಗೆ ಬಿಡುವು ಒಳ್ಳೆಯದಲ್ಲ.

ಗಾರೆ ಕೆಲಸದಲ್ಲಿ ಒಂದು ವಾಡಿಕೆಯಿದೆಯಂತೆ. ಮನೆ ಕಟ್ಟಿಸುವವರು ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: ಸಾಕು ಬಿಡಿ ಮೇಸ್ತ್ರಿ, ಅಷ್ಟೇನೂ ನಯ ಬೇಡ. ಅವರ ಮಾತು ನಂಬಿ ಹಾಗೇ ಬಿಟ್ಟರೆ, ಗೃಹಪ್ರವೇಶದ ಮಾರನೆಯ ದಿನವೇ ನೆಲ ಉಜ್ಜಲು ಬರುವುದಿಲ್ಲ ಎಂದು ದೂರುತ್ತಾರೆ. ಬೇಡ ಎಂದದ್ದು ಮರ್ಯಾದೆಗೆ, ಬೇಕು ಎನ್ನುವುದು ಮನಸ್ಸಿನಲ್ಲಿ. ಇದು ಅಪ್ಪ ಕೆಲಸ ಕಲಿತ ದಿನದಿಂದ ಕಂಡ ಸತ್ಯ. ಮೇಡಂ ಅವರ ಮಾತನ್ನೂ ಅವನು ಆ ಲೆಕ್ಕಕ್ಕೇ ಸೇರಿಸಿದ. ಅದೂ ಅಲ್ಲದೆ, ಸಂದುಗಳನ್ನು ಕಂಡಾಗಲೆಲ್ಲ ಅವನ ಕೈ ತುರಿಸುತ್ತಿತ್ತು. ಒಂದು ದಿನ ಮಧ್ಯಾಹ್ನ ಸಿಮೆಂಟು ಕಲಸಿಕೊಂಡು, ಮೇಲಿನ ತೊಟ್ಟಿಯಿಂದ ಹಿಡಿದು ಸಂದುಗಳನ್ನೆಲ್ಲ ತುಂಬಿದ. ಕಲ್ಲಿನ ಚೂಪುಗಳು ಮುಚ್ಚುವಂತೆ ಗಾರೆ ಎಳೆದು, ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ಕೊಟ್ಟ. ಕೆಳಗಿನ ಎರಡು ತೊಟ್ಟಿಗಳು ಅಷ್ಟರಲ್ಲಿ ಮಡುವಿನ ನೀರಿನೊಳಗೆ ಹೋಗಿದ್ದರಿಂದ ಅವು ಮಾತ್ರ ಉಳಿದವು. ಅದು ಅವನನ್ನು ಬಹಳ ದಿನ ಕೊರೆಯಿತು.

ಅತ್ತೆ ಬಂದು ನೋಡಿ ಬೆರಗಾದಳು. ನಮ್ಮ ಮನೆಯ ಅಡುಗೆಮನೆಯ ನೆಲ ಹೀಗಿಲ್ಲವಲ್ಲೋ, ಮೀನಿಗಿರುವ ಪುಣ್ಯ ನನಗಿಲ್ಲ ಎಂದಳು. ಅಪ್ಪ ಕರಣೆ ತೊಳೆಯುತ್ತ ನಕ್ಕ. ಆಮೇಲೆ ನೀರು ಬಿಟ್ಟರು. ನೊರೆಯ ಕೆಳಗೆ ತಳ ಯಾರಿಗೂ ಕಾಣದಾಯಿತು.

ಮೀನು ಬಂದವು. ಬಂದದ್ದು ನಿಜ. ಅಂಗೈಗಿಂತ ಉದ್ದನೆಯವು, ಹೊಟ್ಟೆ ಬೆಳ್ಳಿಯಂತೆ ಹೊಳೆಯುವಂಥವು. ಆದರೆ ಯಾವುದೂ ಮೇಲೆ ಹತ್ತಲಿಲ್ಲ. ಗಾಳದ ಮಾವ ದಿನವೂ ಆಚೆ ದಡದಲ್ಲಿ ಬಂದು ಕೂರುತ್ತಿದ್ದ. ಪರೀಕ್ಷೆ ಮುಗಿಯುವವರೆಗೆ ಒಡ್ಡಿನ ಬಳಿ ಗಾಳ ಹಾಕಬಾರದೆಂದು ಕಚೇರಿಯ ಆಜ್ಞೆಯಾಗಿದ್ದರಿಂದ ಅವನ ಕೈ ಬರಿದಾಗಿತ್ತು. ಬರಿಗೈಯಲ್ಲಿ ಕೂತು ಅಭ್ಯಾಸವಿಲ್ಲದ್ದಕ್ಕೋ ಏನೋ, ಅವನ ಬಾಯಿಗೆ ಕೆಲಸ ಹೆಚ್ಚಾಯಿತು.

“ಗಿರಣಿಯಕ್ಕ, ನಿನ್ನ ಮೀನುಗಳು ಹೊಟ್ಟೆ ತುಂಬ ತಿಂದು ಮೆಟ್ಟಿಲು ಹತ್ತೋಕಾಗದೆ ನಿಂತಿವೆ. ಹಿಟ್ಟು ಚೆಲ್ಲೋದು ಕಡಿಮೆ ಮಾಡು,” ಎಂದು ಒಂದು ದಿನ ಕೂಗಿದ.

“ನೀನು ಎದುರಿಗೆ ಕೂತಿದ್ದೀಯಲ್ಲ, ಅದಕ್ಕೇ ಹತ್ತಲ್ಲ. ಮೇಲೆ ಹೋದರೆ ಯಾರ ಮುಖ ನೋಡಬೇಕಾಗುತ್ತೆ ಅಂತ ಅವಕ್ಕೂ ಗೊತ್ತು,” ಎಂದಳು ಅತ್ತೆ.

ಹೀಗೆ ಮಾತಿಗೆ ಮಾತು ಬೆಳೆಯುತ್ತಿತ್ತು. ಆದರೆ ಸಂಜೆ ಅತ್ತೆ ಗಿರಣಿಯ ಕಲ್ಲನ್ನು ಒರೆಸುವಾಗ ಕೈ ನಿಧಾನವಾಗುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಳು.

ಕಿಟಕಿಯಲ್ಲಿ ಕುಳಿತು ನನಗೆ ಇನ್ನೊಂದು ಕಂಡಿತು. ಮೀನುಗಳು ಪ್ರಯತ್ನವನ್ನೇ ಮಾಡುತ್ತಿಲ್ಲ ಎನ್ನುವಂತಿರಲಿಲ್ಲ. ಮಡುವಿನಿಂದ ಮೊದಲ ತೊಟ್ಟಿಗೆ ಬರುತ್ತಿದ್ದವು, ಎರಡನೆಯದಕ್ಕೂ ಬರುತ್ತಿದ್ದವು. ಅಲ್ಲಿ ಹಾಯಾಗಿ ನಿಲ್ಲುತ್ತಿದ್ದವು. ಮೂರನೆಯದಕ್ಕೆ ಮೂತಿ ಹಾಕಿದ ತಕ್ಷಣ, ಯಾರೋ ಬಾಲ ಹಿಡಿದು ಎಳೆದಂತೆ ಹಿಂದಕ್ಕೆ ಬಂದು ಬೀಳುತ್ತಿದ್ದವು. ಎಲ್ಲವೂ ಅಲ್ಲೇ. ಸೂಜಿ ಹಿಡಿದುಕೊಂಡೇ ನೋಡುತ್ತ ಕೂತು ಎಷ್ಟೋ ಸಲ ಚೀಲದ ಬದಲು ನನ್ನ ಲಂಗವನ್ನು ಹೊಲಿದುಕೊಂಡಿದ್ದೇನೆ. ಆದರೆ ಅದನ್ನು ಯಾರಿಗೆ ಹೇಳುವುದು, ಏನೆಂದು ಹೇಳುವುದು. ಅದಕ್ಕೆ ಕಾರಣ ನನಗೂ ಹೊಳೆದಿರಲಿಲ್ಲ.

ಮೇಡಂ ಬಂದರು. ಮೇಲಿನ ಬಾಯಿಗೆ ಹಲಗೆ ಇಟ್ಟು ನೀರು ಕಡಿಮೆ ಮಾಡಿಸಿದರು. ಪ್ರಯೋಜನವಾಗಲಿಲ್ಲ. ಹಲಗೆ ತೆಗೆಸಿ ಹೆಚ್ಚು ಮಾಡಿಸಿದರು. ಮೀನು ಇನ್ನೂ ಬೇಗ ಹಿಂದಕ್ಕೆ ಬಂದವು, ಅಷ್ಟೆ. ಕೊನೆಗೆ ಮೇಡಂ ಗಿರಣಿಗೆ ಬಂದು ಚಹಾಕ್ಕೆ ಕೂತರು. ವಾರದ ಕೊನೆಗೆ ಕಚೇರಿಯ ದೊಡ್ಡವರು ನೋಡಲು ಬರುತ್ತಾರೆ, ಅವರು ನೋಡಿ ಹೋದ ಮೇಲೆ ತೀರ್ಮಾನ ತನ್ನ ಕೈಯಲ್ಲಿರುವುದಿಲ್ಲ ಎಂದು ಲೋಟದ ಕಡೆ ನೋಡಿಕೊಂಡೇ ಹೇಳಿದರು. ಅತ್ತೆ ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು. ಬೇಡವೆಂದರೂ ಬಗ್ಗಿಸಿದಳು.

ಅವರು ಹೋದ ಮಾರನೆಯ ದಿನ ಮರದ ಕೊಂಬೆಯೊಂದು ತೇಲಿ ಬಂದು ಮೆಟ್ಟಿಲಿನ ನಡುವೆ ಸಿಕ್ಕಿಕೊಂಡಿತು. ಅದನ್ನು ತೆಗೆಯಲು ಅಪ್ಪ ಮೇಲಿನ ಬಾಯಿಗೆ ಹಲಗೆ ಹಾಕಿ ನೀರು ನಿಲ್ಲಿಸಿದ. ಒಳಗೆ ಇಳಿಯುವುದು ಯಾರು ಎನ್ನುವ ಪ್ರಶ್ನೆ ಬಂದಾಗ ಅತ್ತೆ ನನ್ನ ಕಡೆ ಕೈ ತೋರಿಸಿದಳು. ಹಗುರ ಇರುವವಳು, ಮಾತಿನ ಭಾರವೂ ಇಲ್ಲ ಎಂದಳು. ನಾನು ಲಂಗ ಎತ್ತಿ ಕಟ್ಟಿ, ಮೇಲಿನ ತೊಟ್ಟಿಗೆ ಕಾಲಿಟ್ಟೆ.

ಎರಡನೆಯ ಹೆಜ್ಜೆ ಇಡಲಿಲ್ಲ. ಕಾಲು ನನ್ನನ್ನು ಬಿಟ್ಟು ಮುಂದೆ ಹೋಯಿತು. ಕುಂಡೆಯ ಮೇಲೆ ಕುಳಿತವಳು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಕೊಂಬೆಯನ್ನೂ ತೊಡೆಯ ಮೇಲೆ ಹತ್ತಿಸಿಕೊಂಡು, ಚಕ್ಕಂಬಕ್ಕಳ ಹಾಕಿದ ಹಾಗೇ ಕೆಳಗಿಳಿದೆ. ಕೆಳಗಿನಿಂದ ಎರಡನೆಯ ತೊಟ್ಟಿಗೆ ಬಂದಾಗ ಮಂಡಿ ಒರಟು ಕಲ್ಲಿಗೆ ತರಚಿ, ಅಲ್ಲಿ ನಿಂತೆ. ಸೊಂಟದವರೆಗೆ ನೀರು. ಸುತ್ತ ಮೀನುಗಳು ಗಾಬರಿಯಾಗಿ ಚದುರಿ, ಯಾರು ಬಂದದ್ದೆಂದು ನೋಡಲು ಮತ್ತೆ ಹತ್ತಿರ ಬಂದವು.

ಮೇಲಿಂದ ಮೊದಲು ಕೇಳಿದ್ದು ಗಾಳದ ಮಾವನ ನಗು. ಆಮೇಲೆ ಅತ್ತೆಯದು. ಪೆಟ್ಟಾಯಿತೇ ಎಂದು ಕೇಳುತ್ತಲೇ ನಗುತ್ತಿದ್ದಳು, ನಗುತ್ತಲೇ ಕೇಳುತ್ತಿದ್ದಳು. ಅಪ್ಪ ಮಾತ್ರ ಅರ್ಧ ಇಳಿದು ಬಂದಿದ್ದ. ನಾನು ಕೈಯೂರಿ ಏಳಲು ನೋಡಿದೆ. ಬೆರಳುಗಳು ಕಲ್ಲುಗಳ ನಡುವಿನ ಸಂದಿಗೆ ಹೋಗಿ ಗಟ್ಟಿಯಾಗಿ ಸಿಕ್ಕಿಕೊಂಡವು. ಪಕ್ಕದ ಸಂದಿಯಲ್ಲಿ ಒಂದು ಮೀನು ಬಾಲವನ್ನೂ ಆಡಿಸದೆ ತಣ್ಣಗೆ ನಿಂತಿತ್ತು. ನನ್ನ ಕೈಗೂ ಅದಕ್ಕೂ ಸಿಕ್ಕ ಆಸರೆ ಒಂದೇ. ಬಾಯಿ ಹೇಗೆ ಬಂತೋ ಗೊತ್ತಿಲ್ಲ, ಮಂಡಿಯ ಉರಿಗಿರಬೇಕು.

“ಅಪ್ಪಾ, ಇಲ್ಲಿ ಜಾರಲ್ಲ. ನೀನು ನಯ ಮಾಡಿದ್ದು ಮಾತ್ರ ಜಾರುತ್ತೆ. ಮೀನೂ ಇಲ್ಲಿಗೆ ಬಂದು ನಿಲ್ಲುತ್ತೆ, ಅಲ್ಲಿಂದ ಜಾರಿ ಬೀಳುತ್ತೆ. ನಾನು ದಿನಾ ನೋಡ್ತೀನಿ.”

ನಗು ನಿಂತಿತು. ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದಕ್ಕೋ, ಆಡಿದ ಮಾತಿಗೋ ತಿಳಿಯದು. ಅಪ್ಪ ಬಗ್ಗಿ ತಾನು ಮುಗಿಸಿದ ತಳದ ಮೇಲೆ ಅಂಗೈ ಆಡಿಸಿದ. ನೀರಿಲ್ಲದ ತೊಟ್ಟಿ ಬಿಸಿಲಿಗೆ ಹೊಳೆಯುತ್ತಿತ್ತು. ಅದರೊಳಗೆ ಅವನ ಮುಖವೇ ಕಾಣುತ್ತಿತ್ತು. ಆಮೇಲೆ ನನ್ನ ಪಕ್ಕಕ್ಕೆ ಇಳಿದು, ನೀರಿನೊಳಗೆ ಕೈ ಹಾಕಿ, ತಾನು ಮುಗಿಸಲಾಗದೆ ಬಿಟ್ಟ ಒರಟು ಕಲ್ಲುಗಳನ್ನು ಮುಟ್ಟಿ ನೋಡಿದ.

ಗಾಳದ ಮಾವ ದಡದಿಂದಲೇ ಹೇಳಿದ, “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಡೊಂಕಿಲ್ಲದ್ದೇ ತಪ್ಪಾಯ್ತು ನೋಡು ಮೇಸ್ತ್ರಿ.”

ಅಪ್ಪ ಮೇಲೆ ಬಂದು ಒಡ್ಡಿಗೆ ಬೆನ್ನು ಮಾಡಿ ಕುಳಿತ. ಅತ್ತೆ ಅವನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡೆ. ಹೋಗುತ್ತಿದ್ದದ್ದು ಅವಳ ಗಿರಣಿ. ಅವಳು ಹರಿಹಾಯ್ದದ್ದು ಗಾಳದ ಮಾವನ ಮೇಲೆ. ಒಳ್ಳೆಯ ಕೆಲಸ ಮಾಡಿ ಸಿಕ್ಕಿಬಿದ್ದವನನ್ನು ಆಡಿಕೊಳ್ಳುವುದಕ್ಕೆ, ಜೀವಮಾನದಲ್ಲಿ ಒಂದು ಕೆಲಸವನ್ನೂ ಮುಗಿಸದವನೇ ಆಗಬೇಕೇನು ಎಂದು ಕೇಳಿದಳು. ಆಮೇಲೆ ಅಪ್ಪನ ಪಕ್ಕ ಕುಳಿತು, ಮೇಡಂಗೆ ಹೇಳುವುದು ಬೇಡ, ಸದ್ದಿಲ್ಲದೆ ಒಡೆದುಬಿಡೋಣ ಎಂದಳು. ಅಪ್ಪ ಆಗದೆಂದು ತಲೆಯಾಡಿಸಿದ. ಎದ್ದು ಹೋಗಿ ಫೋನು ತಂದು, ನಮ್ಮೆಲ್ಲರ ಎದುರಿಗೇ ಮಾತಾಡಿದ.

“ಮೇಡಂ, ಬೇಡ ಅಂದಿದ್ರಿ ನೀವು. ನಾನು ಮರ್ಯಾದೆಗೆ ಅಂದಿದ್ದೀರಿ ಅಂದುಕೊಂಡೆ. ಸಂದು ಎಲ್ಲಾ ಮುಚ್ಚಿಬಿಟ್ಟಿದ್ದೀನಿ.”

ಆ ಕಡೆ ಮೇಡಂ ನಕ್ಕದ್ದು ಫೋನಿನಿಂದ ದೂರ ನಿಂತಿದ್ದ ನನಗೂ ಕೇಳಿಸಿತು. ಕೋಪ ಮಾಡಿಕೊಳ್ಳಬೇಕೆಂದಿದ್ದೇನೆ, ಬರುತ್ತಿಲ್ಲ ಎಂದರಂತೆ. ದೊಡ್ಡವರ ಬರುವಿಕೆಯನ್ನು ಮುಂದಕ್ಕೆ ಹಾಕಲು ಆಗುವುದಿಲ್ಲ, ಅಷ್ಟರಲ್ಲಿ ಸಂದು ಬಿಡಿಸಿ, ಆದಷ್ಟು ಕೆಟ್ಟದಾಗಿ ಬಿಡಿಸಿ ಎಂದರಂತೆ.

ಅಲ್ಲಿಂದ ಶುರುವಾಯಿತು ಅಪ್ಪನ ಪಾಡು. ಚಾಣ, ಸುತ್ತಿಗೆ ಹಿಡಿದು ಮೂರನೆಯ ತೊಟ್ಟಿಗೆ ಇಳಿದ. ಮೊದಲ ಪೆಟ್ಟು ಹಾಕುವ ಮುಂಚೆ ಕಣ್ಣು ಮುಚ್ಚಿಕೊಂಡಿದ್ದನ್ನು ನೋಡಿದೆ. ಗಾಳದ ಮಾವ ತನ್ನ ಮನೆಯಿಂದ ಸುತ್ತಿಗೆ ತಂದು, ಕೇಳದೆಯೇ ಇಳಿದ. ಈ ಒಡ್ಡಿಗೆ ಒಂದು ಪೆಟ್ಟು ಹಾಕಬೇಕೆಂದು ಅವನಿಗೆ ಎಷ್ಟೋ ವರ್ಷದ ಆಸೆಯಿತ್ತಂತೆ, ಮೇಸ್ತ್ರಿಯೇ ಮುಂದೆ ನಿಂತು ಹಾಕಿಸುತ್ತಾನೆಂದು ಕನಸಿನಲ್ಲೂ ನೆನೆಸಿರಲಿಲ್ಲವಂತೆ. ಅತ್ತೆ ಮೇಲೆ ನಿಂತು, ತಳಕ್ಕೆ ಮಾತ್ರ ಹೊಡಿ, ಗೋಡೆಗೆ ಸುತ್ತಿಗೆ ತಾಕಿದರೆ ನಿನ್ನ ತಲೆಗೆ ತಾಕಿದಂತೆ ಎಂದು ಕಾವಲು ಕಾದಳು.

ಸಂಜೆಗೆ ಅಪ್ಪ ಬಿಡಿಸಿದ ತೊಟ್ಟಿಯನ್ನು ಎಲ್ಲರೂ ನೋಡಿದೆವು. ಸಂದುಗಳು ಬಂದಿದ್ದವು. ಎಲ್ಲವೂ ಒಂದೇ ಅಗಲ, ಒಂದೇ ಆಳ, ದಾರ ಹಿಡಿದು ಎಳೆದಂತೆ ಸಾಲಾಗಿ. ಅಂಚುಗಳನ್ನು ಕೂಡ ಸವರಿದ್ದ. ಗಾಳದ ಮಾವ ಅದನ್ನು ನೋಡಿ ಹಣೆ ಚಚ್ಚಿಕೊಂಡ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಾಗಿದ್ದರೆ ನೀರು ಆ ಸಾಲುಗಳಲ್ಲೇ ಇನ್ನೂ ಬೇಗ ಓಡುತ್ತದೆ ಎಂದು ಅಪ್ಪನಿಗೂ ಗೊತ್ತು. ಗೊತ್ತಿದ್ದರೂ ಕೈ ಕೇಳುವುದಿಲ್ಲ. ತನ್ನ ಎರಡು ಕೈಗಳನ್ನೂ ಬೇರೆಯವರ ಮಕ್ಕಳನ್ನು ನೋಡುವಂತೆ ನೋಡಿಕೊಂಡ. ಆಮೇಲೆ ಚಾಣ ನನ್ನ ಕಡೆ ಚಾಚಿದ.

“ನೀನು ಮಾಡು ಮಗಳೇ. ನಿನಗೆ ಬರಲ್ಲ. ಅದಕ್ಕೇ ಸರಿಯಾಗಿ ಬರುತ್ತೆ.”

ಅದಕ್ಕೆ ಮೊದಲು ನಾನು ಚಾಣ ಹಿಡಿದವಳಲ್ಲ. ಹೊಡೆದ ಕಡೆ ಬೀಳಲಿಲ್ಲ, ಬಿದ್ದ ಕಡೆ ನಿಲ್ಲಲಿಲ್ಲ. ಒಂದು ಕಡೆ ಬೆರಳಗಲ ಕಿತ್ತರೆ ಇನ್ನೊಂದು ಕಡೆ ಮುಷ್ಟಿಯಷ್ಟು ಹಾರಿಹೋಯಿತು. ಕಲ್ಲುಗಳ ಮೂತಿ ಒಂದೊಂದಾಗಿ ಎದ್ದು ಬಂತು, ಒಂದು ಎಡಕ್ಕೆ, ಒಂದು ಬಲಕ್ಕೆ, ಯಾವುದಕ್ಕೂ ಯಾವುದೂ ಹೊಂದದೆ. ಅಪ್ಪ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ. ಆಗಾಗ ಅವನ ಕೈ ತಾನಾಗಿ ಮುಂದೆ ಬರುತ್ತಿತ್ತು, ಒಂದು ಅಂಚು ಸರಿಮಾಡಲು. ಅತ್ತೆ ಆ ಕೈಗೆ ಮೆಲ್ಲಗೆ ಒಂದು ಏಟು ಕೊಡುತ್ತಿದ್ದಳು. ದೊಡ್ಡವರು ಬರುವ ಹಿಂದಿನ ದಿನದವರೆಗೂ, ಮೂರನೆಯದರಿಂದ ಕೊನೆಯ ತೊಟ್ಟಿಯವರೆಗೆ, ಹೀಗೇ ನಡೆಯಿತು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಇಷ್ಟು ಕೆಟ್ಟ ಕೆಲಸವನ್ನು ತನ್ನ ಆಯುಸ್ಸಿನಲ್ಲಿ ನೋಡಿಲ್ಲ ಎಂದು ಅಪ್ಪ ಹೇಳಿದ, ಹೇಳುವಾಗ ನನ್ನ ತಲೆ ಸವರಿದ.

ಹೊಸ ನೀರು ಆಗಲೇ ಇಳಿಯತೊಡಗಿತ್ತು. ಮಡುವಿನಲ್ಲಿ ಮೀನುಗಳೂ ಕಡಿಮೆಯಾಗಿದ್ದವು. ಕೆಲವು ಬೇಸತ್ತು ತಿರುಗಿ ಹೋಗಿರಬೇಕು.

ದೊಡ್ಡವರು ಬೆಳಿಗ್ಗೆಯೇ ಬಂದರು. ಇಬ್ಬರು. ಒಬ್ಬರು ಬಾಗಿಲಿಗೆ ತಲೆ ತಗ್ಗಿಸುವಷ್ಟು ಎತ್ತರದವರು, ಇನ್ನೊಬ್ಬರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ದಪ್ಪನೆಯವರು. ಮೇಡಂ ಹಿಂದೆ ಬಂದರು, ಅವರ ಮುಖ ಪರೀಕ್ಷೆಗೆ ಕೂತ ಮಕ್ಕಳ ಮುಖದಂತಿತ್ತು. ಮೆಟ್ಟಿಲಿನ ಪಕ್ಕದಲ್ಲಿ ಒಬ್ಬರು ನಡೆಯುವಷ್ಟು ಅಗಲದ ಮರದ ಹಲಗೆಯ ದಾರಿಯಿದೆ. ಅದರ ಮೇಲೆ ಎಲ್ಲರೂ ಸಾಲಾಗಿ ನಿಂತೆವು. ನೀರು ತಡೆದ ಹಲಗೆ ತೆಗೆಯುವುದಕ್ಕೆ ನಾನು ಮೇಲಿನ ತುದಿಯಲ್ಲಿದ್ದೆ. ಅತ್ತೆ ಬರಲಿಲ್ಲ. ಜೋಳ ಬೀಸುವುದಿದೆ, ಮೀನು ನೋಡುತ್ತ ಕೂತರೆ ಗಿರಾಕಿಗಳು ಬಿಡುತ್ತಾರೆಯೇ ಎಂದಳು. ಗಿರಾಕಿಗಳು ಯಾರೂ ಇರಲಿಲ್ಲ. ಅವಳು ಖಾಲಿ ಕಲ್ಲನ್ನೇ ತಿರುಗಿಸುತ್ತಿದ್ದಳೆಂದು ನನಗೆ ಸದ್ದಿನಿಂದಲೇ ತಿಳಿಯುತ್ತಿತ್ತು.

ನೀರು ಬಿಟ್ಟೆ. ಅದು ಮೊದಲಿನಂತೆ ಬೆಳ್ಳಗೆ ಓಡಲಿಲ್ಲ. ಕಲ್ಲಿನ ಮೂತಿಗಳಿಗೆ ಬಡಿದು, ಸುತ್ತಿ, ಗೊಣಗಿಕೊಂಡು ಇಳಿಯಿತು. ಎತ್ತರದವರು ಗಡಿಯಾರ ನೋಡಿದರು. ದಪ್ಪನೆಯವರು ಕ್ಯಾಮೆರಾ ಒರೆಸಿದರು. ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ಮೊದಲ ಮೀನು ಎರಡನೆಯ ತೊಟ್ಟಿಯಲ್ಲಿ ಬಹಳ ಹೊತ್ತು ನಿಂತಿತು. ಮೂರನೆಯದಕ್ಕೆ ಮೂತಿ ಹಾಕಿತು. ಹಿಂದಕ್ಕೆ ಬಂತು. ಮತ್ತೆ ಹಾಕಿತು. ಈ ಸಲ ನಾನು ಮುಷ್ಟಿಯಷ್ಟು ಕಿತ್ತು ಹಾಳುಮಾಡಿದ್ದೆನಲ್ಲ, ಆ ಗುಳಿಯೊಳಗೆ ನುಗ್ಗಿ, ಬಾಲ ಮಡಚಿ, ನಿಂತುಬಿಟ್ಟಿತು. ನಮ್ಮ ಮನೆಗೆ ಬಂದವರು ಮೆಟ್ಟಿಲ ತಿರುವಿನಲ್ಲಿ ನಿಂತು ಸೊಂಟ ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ನಾಲ್ಕನೆಯದಕ್ಕೆ ಹೋಯಿತು. ಅದರ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಎರಡು ಒಟ್ಟಿಗೆ ಬಂದು ಒಂದೇ ಸಂದಿಗೆ ಜಗಳವಾಡಿದವು. ಗಾಳದ ಮಾವ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ.

ಮೊದಲ ಮೀನು ಕೊನೆಯ ತೊಟ್ಟಿಗೆ ಬಂತು. ನನ್ನ ಕಾಲಿನ ಕೆಳಗೇ ಇತ್ತು. ಕಿವಿರು ತೆರೆದು ಮುಚ್ಚುವುದು ಕಾಣುತ್ತಿತ್ತು. ಎತ್ತರದವರು ಮಂಡಿಯೂರಿ ಬಗ್ಗಿದರು, ದಪ್ಪನೆಯವರು ಅವರ ಹೆಗಲ ಮೇಲೆ ಬಗ್ಗಿದರು, ಮೇಡಂ ಇಬ್ಬರ ನಡುವೆ ತಲೆ ತೂರಿಸಿದರು. ಅಪ್ಪ ಒಂದು ಕೈಯಿಂದ ಗಾಳದ ಮಾವನ ತೋಳು ಹಿಡಿದುಕೊಂಡಿದ್ದ. ಮೀನು ಒಮ್ಮೆ ಮೈ ಬಳುಕಿಸಿತು. ಒಡ್ಡಿನ ಹಿಂದಿನ ನಿಂತ ನೀರಿನಲ್ಲಿ ಸಣ್ಣ ಅಲೆ ಎದ್ದು, ಮೇಲ್ಗಡೆಗೆ ಹೋಯಿತು.

ಅದೇ ಹೊತ್ತಿಗೆ ಗಿರಣಿಯ ಸದ್ದು ನಿಂತಿತು. ಹಗಲು ಹೊತ್ತಿನಲ್ಲಿ ಅತ್ತೆ ತಾನಾಗಿ ತೂಬು ಇಳಿಸಿದ್ದನ್ನು ನಾನು ಕಂಡಿರಲಿಲ್ಲ. ಹಲಗೆಯ ದಾರಿಯ ಮೇಲೆ ಅವಳ ಹೆಜ್ಜೆ ಬೇಗ ಬೇಗ ಬಂದು, ನಮ್ಮ ಬೆನ್ನುಗಳ ಹಿಂದೆ ನಿಂತಿತು. ಅತ್ತೆ ಕುಳ್ಳಿ. ಎಡಕ್ಕೆ ಬಗ್ಗಿದಳು, ಎತ್ತರದವರ ಕೋಟು. ಬಲಕ್ಕೆ ಬಗ್ಗಿದಳು, ಗಾಳದ ಮಾವನ ಬೆನ್ನು. ತುದಿಗಾಲಲ್ಲಿ ನಿಂತಳು. ಹಿಟ್ಟು ಮೆತ್ತಿದ ಕೈಯಿಂದ ಅಪ್ಪನ ಅಂಗಿ ಜಗ್ಗಿದಳು. ಅಪ್ಪ ತಿರುಗಲಿಲ್ಲ. ಎರಡನೆಯ ಮೀನು ಆಗಲೇ ಕೊನೆಯ ತೊಟ್ಟಿಗೆ ಮೂತಿ ಹಾಕಿತ್ತು, ಮೂರನೆಯದು ಅದರ ಬಾಲಕ್ಕೆ ಅಂಟಿಕೊಂಡೇ ಇತ್ತು. ನನಗೂ ಕಣ್ಣು ತೆಗೆಯಲಾಗಲಿಲ್ಲ.

“ಸ್ವಲ್ಪ ಸರೀರಪ್ಪ,” ಎಂದಳು ಅತ್ತೆ, “ನಾನೂ ಒಂದು ನೋಡ್ತೀನಿ.”